ಫೀಲ್ಡ್, ಪೊಟೆನ್ಶಿಯಲ್, ಗೌಸ್: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು 11, 12ನೇ ತರಗತಿಯ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಹೆಚ್ಚಿನವರು ಕನ್ನಡದ ಮನೆಯ ಮಕ್ಕಳೇ. ಎಲೆಕ್ಟ್ರೋಸ್ಟ್ಯಾಟಿಕ್ಸ್ (ನಿಂತಿರುವ ಚಾರ್ಜುಗಳ ಪಾಠ) ಬಂದಾಗ ಮೂರೂ ದಾರಿಗಳನ್ನು, ಅಂದರೆ ಫೀಲ್ಡ್ (ಒಂದು ಕೂಲಂಬ್ ಚಾರ್ಜಿನ ಮೇಲೆ ಬೀಳುವ ಬಲ, ದಿಕ್ಕಿನ ಬಾಣದ ಸಮೇತ), ಪೊಟೆನ್ಶಿಯಲ್ (ಒಂದು ಕೂಲಂಬಿಗೆ ಇರುವ ಸ್ಥಿತಿಶಕ್ತಿ, ವೋಲ್ಟಿನಲ್ಲಿ), ಗೌಸ್ ನಿಯಮ, ಇವನ್ನು ಅವರ ಜೊತೆ ಕೂತು ಹೋಲಿಸಿ ನೋಡಿದ್ದೇನೆ. ದಿಕ್ಕು ಕೇಳದ ಲೆಕ್ಕವಾದರೆ ಪೊಟೆನ್ಶಿಯಲ್‌ನಿಂದಲೇ ಶುರು ಮಾಡಿ ಅನ್ನುವುದು ನನ್ನ ಸಲಹೆ.

ಒಂದು ಚೌಕ ಬರೆಯಿರಿ. ನಾಲ್ಕು ಮೂಲೆಗೂ 2 ನ್ಯಾನೊಕೂಲಂಬಿನ ಪಾಸಿಟಿವ್ ಚಾರ್ಜ್ ಇಡಿ. ನಡುವಿನಿಂದ ಪ್ರತಿ ಮೂಲೆಗೆ 10 ಸೆಂ.ಮೀ. ನಡುವಿನಲ್ಲಿ ಫೀಲ್ಡ್ ಸೊನ್ನೆ, ಎದುರುಬದುರಿನ ಬಾಣಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇಲ್ಲೇ ಮಕ್ಕಳು ಪೊಟೆನ್ಶಿಯಲ್ಲೂ ಸೊನ್ನೆ ಅಂತ ಬರೆದುಬಿಡುತ್ತಾರೆ. ಅದಕ್ಕೆ ದಿಕ್ಕೇ ಇಲ್ಲ, ಹೊಡೆದುಹೋಗುವುದು ಹೇಗೆ? ಒಂದೊಂದು ಚಾರ್ಜಿನಿಂದ 180 ವೋಲ್ಟ್, ಒಟ್ಟು 720.

ಈಗ ಒಂದು ಮೂಲೆಯ ಚಾರ್ಜ್ ತೆಗೆಯಿರಿ. ಫೀಲ್ಡ್ ದಾರಿ ಹಿಡಿದವರು ಮೂರು ಬಾಣ ಬರೆದು, ಕಾಸ್ 45 ಹಾಕಿ ಪುಟ ತುಂಬಿಸುತ್ತಾರೆ. ಸುಮ್ನೆ ಚಿತ್ರ ನೋಡಿದರೆ ಸಾಕು. ಎದುರುಬದುರಿನ ಒಂದು ಜೋಡಿ ಹೋಗುತ್ತದೆ, ಉಳಿಯುವುದು ಒಂದೇ ಬಾಣ: ಪ್ರತಿ ಕೂಲಂಬಿಗೆ 1800 ನ್ಯೂಟನ್, ಖಾಲಿ ಮೂಲೆಯ ಕಡೆಗೆ. ಪೊಟೆನ್ಶಿಯಲ್ಲಿಗೆ ಇಷ್ಟೂ ಬೇಡ, 720ರಲ್ಲಿ 180 ಕಳೆದರೆ 540. ಆದರೆ ಈ 540 ನೋಡಿ ಬಾಣ ಯಾವ ಕಡೆ ಅಂತ ಹೇಳಲಾಗದು. ದಿಕ್ಕು ಬೇಕಾದಾಗ ಫೀಲ್ಡೇ ಗತಿ.

ಅದೇ ನಡುವಿನಲ್ಲಿ ಒಂದು ಪ್ರೋಟಾನ್ ಬಿಟ್ಟರೆ ಬಹಳ ದೂರ ಹೋದಮೇಲೆ ಅದರ ವೇಗ ಎಷ್ಟು? ಫೀಲ್ಡ್ ಹಿಡಿದವರು 1800ರಿಂದ ವೇಗವರ್ಧನೆ ತೆಗೆದು ಹನ್ನೊಂದನೇ ತರಗತಿಯ ಚಲನೆಯ ಸೂತ್ರಕ್ಕೆ ಹಾಕುತ್ತಾರೆ. ಪ್ರೋಟಾನ್ ಸರಿದಂತೆ ಫೀಲ್ಡೂ ಬದಲಾಗುತ್ತದೆ ಅಲ್ವಾ? ಆ ಸೂತ್ರ ಇಲ್ಲಿ ನಡೆಯುವುದಿಲ್ಲ. 540 ವೋಲ್ಟನ್ನು ಪ್ರೋಟಾನಿನ ಚಾರ್ಜಿನಿಂದ ಗುಣಿಸಿ ಚಲನಶಕ್ತಿಗೆ ಸಮ ಮಾಡಿದರೆ ಎರಡೇ ಸಾಲು: ಸೆಕೆಂಡಿಗೆ ಸುಮಾರು 3.2 ಲಕ್ಷ ಮೀಟರ್.

ಪಾಸಿಟಿವ್ ಚಾರ್ಜ್ ಸಮನಾಗಿ ಹರಡಿದ ಉಂಗುರದ ಲೆಕ್ಕದಲ್ಲಂತೂ ಪೊಟೆನ್ಶಿಯಲ್ ನನಗೆ ತುಂಬಾ ಇಷ್ಟ. ಅಕ್ಷದ (ನಡುವಿನ ಮೂಲಕ ಉಂಗುರಕ್ಕೆ ಲಂಬವಾಗಿ ಹೋಗುವ ಗೆರೆಯ) ಮೇಲಿನ ಬಿಂದುವಿಗೆ ಉಂಗುರದ ಪ್ರತಿ ತುಣುಕೂ ಒಂದೇ ದೂರ. ಇಂಟಿಗ್ರೇಶನ್ ಬೇಕಾಗಿಯೇ ಇಲ್ಲ. ಬಂದದ್ದನ್ನು ಡಿಫರೆನ್ಶಿಯೇಟ್ ಮಾಡಿ ಮೈನಸ್ ಹಾಕಿದರೆ ಫೀಲ್ಡ್ ಸಿಕ್ಕಿತು. ತ್ರಿಜ್ಯ 10 ಸೆಂ.ಮೀ. ಇದ್ದರೆ ಅಕ್ಷದ ಮೇಲೆ ನಡುವಿನಿಂದ ಸುಮಾರು 7 ಸೆಂ.ಮೀ. ದೂರದಲ್ಲಿ ಫೀಲ್ಡ್ ಎಲ್ಲಕ್ಕಿಂತ ಜಾಸ್ತಿ. ನಡುವಿನಲ್ಲಿ ಅದು ಸೊನ್ನೆ, ಪೊಟೆನ್ಶಿಯಲ್ ಮಾತ್ರ ಅಲ್ಲೇ ಗರಿಷ್ಠ. ಮಕ್ಕಳ ಕೈಯಲ್ಲಿ ಎರಡರ ಗ್ರಾಫನ್ನೂ ಒಂದರ ಕೆಳಗೆ ಒಂದು ಬರೆಸುತ್ತೇನೆ. ಸೂತ್ರ ಮರೆತವರಿಗೂ ಆ ಗ್ರಾಫ್ ನೆನಪಿರುತ್ತದೆ.

ಗೌಸ್ ನಿಯಮ (ಮುಚ್ಚಿದ ಮೇಲ್ಮೈಯ ಮೂಲಕ ಹಾಯುವ ಫೀಲ್ಡಿನ ಮೊತ್ತವನ್ನು ಒಳಗಿನ ಚಾರ್ಜಿಗೆ ಜೋಡಿಸುವುದು) ಚುಟುಕು, ಆದರೆ ಸಿಮೆಟ್ರಿ (ತಿರುಗಿಸಿದರೂ ಸರಿಸಿದರೂ ಒಂದೇ ಥರ ಕಾಣುವ ಆಕಾರ) ಬೇಕೇ ಬೇಕು. ಗೋಳ, ಕೊನೆಯಿಲ್ಲದ ತಂತಿ, ಕೊನೆಯಿಲ್ಲದ ಹಾಳೆ, ಇವಕ್ಕೆ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ಒಂದಡಿ ಉದ್ದದ ಕೋಲು ಕೊಟ್ಟರೆ ನಿಯಮವೇನೋ ನಿಜವೇ, ಆದರೆ ಮೇಲ್ಮೈಯುದ್ದಕ್ಕೂ ಫೀಲ್ಡ್ ಸಮವಾಗಿರದ ಕಾರಣ ಅದನ್ನು ಇಂಟಿಗ್ರಲ್‌ನಿಂದ ಹೊರಗೆ ತರಲಾಗುವುದಿಲ್ಲ. ಆಗ ಕೋಲನ್ನು ತುಣುಕು ಮಾಡಿ ಕೂಡಿಸಲೇಬೇಕು.