ಕೈಯ ನರ ಕಿತ್ತ ಮೇಲಿನ ನೋವು: ಮಾತ್ರೆ, ಟೆನ್ಸ್, ಬೆಲ್ಟ್

ಬೈಕಿನಿಂದ ಬಿದ್ದು ಹೆಗಲಿನ ನರ ಕಿತ್ತುಹೋದವರಿಗೆ ಕಾಡುವುದು ಒಂದೇ ನಮೂನೆಯ ನೋವಲ್ಲ. ನನ್ನ ಬಲಗೈಯಲ್ಲಿ ಮೂರಿವೆ. ಅಂಗೈಯಲ್ಲಿ ಯಾವಾಗಲೂ ಉರಿ. ಆಗಾಗ ಬೆರಳ ತುದಿವರೆಗೆ ಕರೆಂಟ್ ಹೊಡೆದಂಥ ಚಳಕು. ಸಂಜೆಯಾದರೆ ಹೆಗಲ ಸೆಳೆತ. ಯಾವುದಕ್ಕೆ ಏನು ಕೆಲಸ ಮಾಡಿತು ಅನ್ನೋದನ್ನು ಬೇರೆ ಬೇರೆ ನೋಡಬೇಕು.

ಕತ್ತಿನಿಂದ ಕೈಗೆ ಇಳಿಯುವ ನರಬೇರುಗಳು ಐದು, ಸಿ5ರಿಂದ (ಕತ್ತಿನ ಐದನೆಯದು) ಟಿ1ವರೆಗೆ (ಎದೆಯ ಭಾಗದ ಮೊದಲನೆಯದು). ಇವು ಬೆನ್ನುಹುರಿಯಿಂದಲೇ ಕಿತ್ತುಬಂದರೆ ನೋವು ಹುಟ್ಟುವುದು ಹುರಿಯಲ್ಲೇ. ಮುಟ್ಟಿದರೆ ಗೊತ್ತಾಗದ ಕೈಯೂ ಉರಿಯುವುದು ಅದಕ್ಕೇ. ಡೈಕ್ಲೋಫೆನಾಕ್‌ನಂಥ ಮಾಮೂಲಿ ಮಾತ್ರೆಯಿಂದ ನನಗೆ ಏನೂ ಆಗಲಿಲ್ಲ.

ನರನೋವಿಗೆಂದೇ ಕೊಡುವ ಮಾತ್ರೆಗಳಲ್ಲಿ ಗ್ಯಾಬಪೆಂಟಿನ್ ದಿನಕ್ಕೆ ಮೂರು ಹೊತ್ತು, ಪ್ರೀಗ್ಯಾಬಲಿನ್ ಎರಡೇ ಹೊತ್ತು. ಚಳಕಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಮಧ್ಯಾಹ್ನದ ಮಾತ್ರೆಯ ಗೋಜಿಲ್ಲ ಅಂತ ನಾನು ಎರಡನೆಯದನ್ನೇ ಉಳಿಸಿಕೊಂಡೆ. ತಲೆ ತಿರುಗುತ್ತದೆ, ತೂಕ ಏರುತ್ತದೆ. ಬೇಡ ಅನ್ನಿಸಿದರೂ ಸುಮ್ನೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ ಕೇಳಿ ನಿಧಾನ ಇಳಿಸಬೇಕು. ಉರಿಗೆ ನನಗೆ ಒಗ್ಗಿದ್ದು ರಾತ್ರಿಯ 10 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್. ಬಾಯಿ ಒಣಗುತ್ತದೆ, ಬೆಳಗ್ಗೆ ಮಂಪರು. ಆದರೂ ನಿದ್ದೆ ಬರುತ್ತದಲ್ಲ, ಅದು ದೊಡ್ಡದು.

ಟೆನ್ಸ್, ಅಂದರೆ ಚರ್ಮಕ್ಕೆ ಅಂಟಿಸಿದ ಪ್ಯಾಡ್‌ನಿಂದ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಯಂತ್ರದ ಬಗ್ಗೆ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಮರಗಟ್ಟಿದ ಜಾಗಕ್ಕೆ ಪ್ಯಾಡ್ ಅಂಟಿಸಿದರೆ ಪ್ರಯೋಜನ ಇಲ್ಲ. ಚರ್ಮದ ಜುಮುಜುಮು ಹುರಿಗೆ ತಲುಪಿದರೆ ತಾನೇ ನೋವಿನ ದಾರಿ ಅಡ್ಡಗಟ್ಟುವುದು? ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದ, ಹುರಿಯಲ್ಲಿ ನೋವನ್ನು ತಡೆಯುವ ‘ಗೇಟ್’ ಇದೇ. ಕಂಕುಳ ಹತ್ತಿರ, ರಟ್ಟೆಯ ಒಳಬದಿಯ ಚರ್ಮಕ್ಕೆ ಟಿ2 ನರ ಬರುತ್ತದೆ. ಅದು ಈ ಐದರ ಗುಂಪಿನದ್ದಲ್ಲ, ಹಾಗಾಗಿ ನನಗೆ ಅಲ್ಲಿ ಸ್ಪರ್ಶ ಉಳಿದಿದೆ. ಫಿಸಿಯೋ ಅಲ್ಲಿಗೆ ಪ್ಯಾಡ್ ಬದಲಿಸಿದ ಮೇಲೆ ಉರಿ ತಗ್ಗಿತು. ಯಂತ್ರ ಆಫ್ ಮಾಡಿ ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಅದೊಂದೇ ಕೊರತೆ.

ಹೆಗಲ ಸೆಳೆತಕ್ಕೆ ಇವ್ಯಾವುವೂ ಆಗಲಿಲ್ಲ. ಸ್ನಾಯು ಸೋತು ಕೈಭಾರಕ್ಕೆ ಕೀಲು ಕೆಳಗೆ ಜಾರಿದೆ. ಭುಜದ ಮೂಳೆಯ ಕೆಳಗೆ ಬೆರಳು ಇಡುವಷ್ಟು ಗುಂಡಿ ಕಾಣುತ್ತದೆ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇದನ್ನು ಎತ್ತಿ ಹಿಡಿಯಲಿಲ್ಲ. ಮೊಣಕೈಯನ್ನು ಕೆಳಗಿಂದ ಹೊರುವ ಬೆಲ್ಟ್ ಹಾಕಿದ್ದೇ ಗುಂಡಿ ಮುಚ್ಚಿತು, ಸಂಜೆಯ ಸೆಳೆತ ಅರ್ಧಕ್ಕೆ ಇಳಿಯಿತು. ಈಗ ನೋವು ಜಾಸ್ತಿಯಾದ ದಿನ ಮೊದಲು ಬೆಲ್ಟಿನ ಬಿಗಿ ನೋಡುತ್ತೇನೆ, ಆಮೇಲೆ ಟೆನ್ಸ್. ಮಾತ್ರೆ ಹೆಚ್ಚಿಸುವ ಮಾತು ಡಾಕ್ಟರ ಹತ್ತಿರ ಮಾತ್ರ.