ಹಳೆ ವೆಲ್ಡಿಂಗ್ ರೋಬೋ, ಆರು ವರ್ಷದ ಬಳಕೆಯ ಮೇಲೆ: ಬೆಸುಗೆ ಕೆಟ್ಟರೆ ಎಲ್ಲಿಂದ ನೋಡಬೇಕು

ಅಂಕ: 5ಕ್ಕೆ 4

ಸೆಕೆಂಡ್ ಹ್ಯಾಂಡಿನಲ್ಲಿ ಬಂದ ಆರು ಆಕ್ಸಿಸ್‌ನ (ಆರು ಕೀಲುಗಳ) ಮಿಗ್ (ಗ್ಯಾಸಿನ ಮರೆಯಲ್ಲಿ ವೈರು ಕರಗಿಸಿ ಬೆಸೆಯುವ) ವೆಲ್ಡಿಂಗ್ ರೋಬೋ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಬ್ರಾಕೆಟ್ಟು, ಕುಂಟೆಯ ಫ್ರೇಮು ಬೆಸೆಯುವ ಕೆಲಸ. 5–6 ಎಂಎಂ ಪ್ಲೇಟು, 1.2 ಎಂಎಂ ತಾಮ್ರಲೇಪದ ವೈರು, ಸಿಓಟೂ ಗ್ಯಾಸು. ತೋಳು ಇವತ್ತಿಗೂ ಗಟ್ಟಿಮುಟ್ಟು. ಒಂದು ಅಂಕ ಕಡಿತ ಮಾಡಿದ್ದು ಟಾರ್ಚ್ (ವೈರು, ಗ್ಯಾಸು ಹೊರಬರುವ ಬೆಸುಗೆ ತುದಿ) ಕೇಬಲ್ಲು ಮತ್ತು ಲೈನರ್ (ಕೇಬಲ್ಲಿನಲ್ಲಿ ವೈರು ಸಾಗುವ ಒಳಕೊಳವೆ) ಕೇಳುವ ಆರೈಕೆಗಾಗಿ.

ಬೆಸುಗೆ ಕೆಟ್ಟ ಕೂಡಲೇ ಪೆಂಡೆಂಟ್ (ರೋಬೋ ನಡೆಸುವ ಕೈಫಲಕ) ಹಿಡಿದು ವೋಲ್ಟೇಜು, ಸ್ಪೀಡು ಬದಲಿಸುವ ಚಾಳಿ ಎಲ್ಲ ಕಡೆ ಇದೆ. ದಯವಿಟ್ಟು ಬೇಡ. ನಿನ್ನೆವರೆಗೆ ಸರಿಯಿದ್ದ ಪ್ರೋಗ್ರಾಮ್ ತಾನಾಗಿ ಕೆಡುವುದಿಲ್ಲ, ಏನೋ ಸವೆದಿರುತ್ತದೆ. ಸವೆದ ಟಿಪ್ಪಿಗೆ (ವೈರಿಗೆ ಕರೆಂಟು ಕೊಡುವ ಟಾರ್ಚಿನ ತುದಿಯ ತುಂಡು) ಹೊಂದುವಂತೆ ಸೆಟ್ಟಿಂಗ್ ತಿದ್ದಿದರೆ, ಹೊಸ ಟಿಪ್ ಹಾಕಿದ ದಿನ ಮತ್ತೆ ಎಲ್ಲ ಕೆಡುತ್ತದೆ.

ಮೊದಲ ಪರೀಕ್ಷೆ ಹತ್ತು ನಿಮಿಷದ್ದು. 6 ಎಂಎಂ ಪ್ಲೇಟನ್ನು ಹೊಳೆಯುವ ಹಾಗೆ ಗ್ರೈಂಡ್ ಮಾಡಿ, ಅದರ ಮೇಲೆ 150 ಎಂಎಂ ಉದ್ದದ ನೇರ ಬೀಡು (ಬೆಸುಗೆಯ ಗೆರೆ) ಎಳೆಸಿ. ಸುಮಾರು 200 ಆಂಪ್, 23–25 ವೋಲ್ಟ್, ಟಿಪ್ಪಿನಿಂದ ಪ್ಲೇಟಿಗೆ 15 ಎಂಎಂ. ಬಾಣಲೆಯಲ್ಲಿ ಮಿರ್ಚಿ ಬೇಯುವಾಗಿನ ಹಾಗೆ ಸದ್ದು ಒಂದೇ ಸಮನೆ ಬಂದು, ಬೀಡೂ ಸಮನಾಗಿ ಬಿದ್ದರೆ ವೈರು, ಗ್ಯಾಸು, ಕರೆಂಟು ಮೂರೂ ಸರಿ ಇವೆ. ದೋಷ ಜಿಗ್ಗಿನಲ್ಲೋ (ಪ್ಲೇಟು ಹಿಡಿದಿಡುವ ಚೌಕಟ್ಟು), ಕಟಿಂಗಿನಲ್ಲೋ, ಟಿಸಿಪಿಯಲ್ಲೋ (ವೈರಿನ ತುದಿ ಇಲ್ಲಿದೆ ಎಂದು ರೋಬೋ ಲೆಕ್ಕ ಹಾಕುವ ಬಿಂದು) ಇದೆ. ಇಲ್ಲೂ ಬೀಡು ಕೆಟ್ಟರೆ ಜಿಗ್ ಮುಟ್ಟಬೇಡಿ, ಟಾರ್ಚಿನ ತುದಿಯಿಂದ ಹಿಂದಕ್ಕೆ ಒಂದೊಂದೇ ನೋಡುತ್ತಾ ಹೋಗಿ.

ಟಿಪ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಹೊಸದರಲ್ಲಿ ದುಂಡಗಿದ್ದ ತೂತು ಒಂದು ಪಕ್ಕಕ್ಕೆ ಕೊರೆದು ಮೊಟ್ಟೆಯಾಕಾರ ತಾಳಿದ್ದರೆ ಎಸೆಯಿರಿ. ವೈರು ಅದರೊಳಗೆ ಅಲುಗಾಡಿ ಕರೆಂಟು ಬಿಟ್ಟುಬಿಟ್ಟು ಹರಿಯುತ್ತದೆ, ಆರ್ಕ್ ಸೀಮಿನಿಂದ (ಬೆಸೆಯಬೇಕಾದ ಕೂಡುಗೆರೆ) ಆಚೀಚೆ ಜಾರುತ್ತದೆ. ಶಿಫ್ಟಿಗೊಂದು ಹೊಸ ಟಿಪ್ ಹಾಕುವುದು ದುಂದಲ್ಲ, ಒಂದು ಬ್ರಾಕೆಟ್ ಕೆರೆದು ಮತ್ತೆ ಬೆಸೆಯುವ ಖರ್ಚು ಅದಕ್ಕಿಂತ ಹೆಚ್ಚು. ಕೈಯಲ್ಲಿ ತಿರುಗಿಸಿ ಬಿಡಬೇಡಿ, ಸ್ಪ್ಯಾನರ್ ಹಾಕಿ ಬಿಗಿ ಮಾಡಿ. ಸಡಿಲ ಟಿಪ್ ಕಾದು ವೈರನ್ನೇ ಹಿಡಿದುಕೊಳ್ಳುತ್ತದೆ.

ಆಮೇಲೆ ಲೈನರ್. ಟಿಪ್ ತೆಗೆದು, ಫೀಡರಿನ (ವೈರು ತಳ್ಳುವ ಯಂತ್ರ) ಒತ್ತುರೋಲರ್ ಎತ್ತಿ, ಟಾರ್ಚ್ ಕಡೆಯಿಂದ ವೈರನ್ನು ಕೈಯಲ್ಲಿ ಎಳೆದು ನೋಡಿ. ತಡೆತಡೆದು ಬಂದರೆ ಒಳಗೆ ತಾಮ್ರದ ಪುಡಿ, ಧೂಳು ಕೂತಿದೆ. ಪ್ರತಿ 15 ಕೆಜಿ ಸ್ಪೂಲ್ ಬದಲಿಸುವಾಗ ಟಾರ್ಚ್ ಕಡೆಯಿಂದ ಫೀಡರ್ ಕಡೆಗೆ ಗಾಳಿ ಊದಿ. ಹೊಸ ಲೈನರನ್ನು ಗಿಡ್ಡ ಕತ್ತರಿಸಿದರೆ ಡಿಫ್ಯೂಸರ್ (ಟಾರ್ಚಿನಲ್ಲಿ ಗ್ಯಾಸು ಹರಡುವ ಭಾಗ) ಹತ್ತಿರ ಸಂದು ಉಳಿದು ವೈರು ಅಲ್ಲಿ ಮಡಚಿಕೊಳ್ಳುತ್ತದೆ. ವೈರು ಜಾರಿದರೆ ರೋಲರ್ ಇನ್ನಷ್ಟು ಬಿಗಿ ಮಾಡುವುದು ದೊಡ್ಡ ತಪ್ಪು. ಬಿಗಿಯಾದಷ್ಟೂ ವೈರು ಚಪ್ಪಟೆಯಾಗಿ, ಅದರ ಪುಡಿಯೇ ಮತ್ತೆ ಲೈನರ್ ಸೇರುತ್ತದೆ.

ಅರ್ಥ್ ಕೇಬಲ್ಲನ್ನು ಯಾರೂ ನೋಡುವುದಿಲ್ಲ, ಕಾಟ ಕೊಡುವುದು ಅದೇ. ಬೆಸೆಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿ ಪವರ್ ಸೋರ್ಸಿನ ಮೈನಸ್ ಸ್ಟಡ್ಡಿಗೆ, ಇನ್ನೊಂದು ಜಾಬಿಗೆ (ಬೆಸೆಯುತ್ತಿರುವ ತುಂಡು). 70 ಚದರ ಎಂಎಂ ತಾಮ್ರದ ಕೇಬಲ್ 10 ಮೀಟರ್ ಇದ್ದರೆ 200 ಆಂಪಿಗೆ ಸುಮಾರು ಅರ್ಧ ವೋಲ್ಟ್ ಇಳಿಯುವುದು ಸಹಜ. ಎರಡು ಮೂರು ವೋಲ್ಟ್ ತೋರಿಸಿದರೆ ಲಗ್ಗು (ಕೇಬಲ್ ತುದಿಯ ಲೋಹದ ಕೊಂಡಿ), ಕ್ಲ್ಯಾಂಪು ಸುಟ್ಟಿದೆ. ತಿರುಗುವ ಪೊಸಿಷನರ್ (ಜಾಬನ್ನು ತಿರುಗಿಸುವ ಮೇಜು) ಇದ್ದರೆ ಅದರ ಅರ್ಥ್ ಬ್ರಷ್ ನೋಡಿ. ಬ್ರಷ್ ಸವೆದರೆ ಕರೆಂಟು ಬೇರಿಂಗ್ ದಾರಿ ಹಿಡಿದು ಅದನ್ನೂ ತಿನ್ನುತ್ತದೆ.

ಬೀಡಿನಲ್ಲಿ ಸೂಜಿಚುಚ್ಚಿದ ಹಾಗೆ ತೂತು ಕಂಡರೆ ಗ್ಯಾಸಿನ ಕಡೆ ತಿರುಗಿ. ರೆಗ್ಯುಲೇಟರಿನ ಮೀಟರ್ ನಂಬದೆ ನಾಝಲ್ ಬಾಯಿಗೇ ಫ್ಲೋಮೀಟರ್ ಹಿಡಿಯಿರಿ, ನಿಮಿಷಕ್ಕೆ 15 ಲೀಟರ್ ಬರಬೇಕು. ಕಡಿಮೆ ಬಂದರೆ ಕೇಬಲ್ ಒಳಗಿನ ಹೋಸು ಬಿರಿದಿದೆ ಅಥವಾ ಟಾರ್ಚ್ ಕತ್ತಿನ ಓ-ರಿಂಗ್ ಒಣಗಿದೆ. ಬೆಳಿಗ್ಗೆ ಸರಿಯಿದ್ದು ಅರ್ಧ ತಾಸಿಗೆ ಕೆಟ್ಟರೆ ಸಿಲಿಂಡರಿನ ಹೀಟರ್ ಮುಟ್ಟಿ ನೋಡಿ. ಹೀಟರ್ ಸತ್ತರೆ ರೆಗ್ಯುಲೇಟರ್ ಹಿಮಗಟ್ಟಿ ಗ್ಯಾಸು ಕಟ್ಟುತ್ತದೆ. ಹಾಗಂತ 25 ಲೀಟರಿಗೆ ಏರಿಸಿದರೆ ಗ್ಯಾಸೇ ಸುಳಿಯಾಗಿ ಹೊರಗಾಳಿ ಎಳೆದುಕೊಳ್ಳುತ್ತದೆ. ಆಷಾಢದ ಗಾಳಿಗೆ ಶೆಡ್ಡಿನ ಶಟರ್ ಅರ್ಧ ಇಳಿಸಿ, ಸೆಲ್ಲಿನ ಸುತ್ತ ಪರದೆ ಕಟ್ಟಿ. ಚಿತ್ರದುರ್ಗದ ಕಡೆಯವರಿಗೆ ಇದು ಎರಡು ಪಟ್ಟು ಅನ್ವಯ, ಅಲ್ಲಿನ ಗುಡ್ಡಗಳ ಗಾಳಿಯಂತ್ರಗಳೇ ಸಾಕ್ಷಿ.

ಬೀಡು ಚೆನ್ನಾಗಿದ್ದೂ ಸೀಮಿನಿಂದ ಸರಿದು ಬಿದ್ದರೆ ಟಿಸಿಪಿ ನೋಡಿ. ಚೂಪು ಪಿನ್ನಿನ ಎದುರು ವೈರಿನ ತುದಿ ನಿಲ್ಲಿಸಿ, ಮಣಿಕಟ್ಟನ್ನು ನಾಲ್ಕು ಕೋನಕ್ಕೆ ತಿರುಗಿಸಿ. ತುದಿ ಅರ್ಧ ಎಂಎಂಗಿಂತ ಸರಿದರೆ ಟಾರ್ಚ್ ಬಾಗಿದೆ, ಡಿಕ್ಕಿ ಹೊಡೆದಿರುತ್ತದೆ. ಪಾಯಿಂಟ್‌ಗಳನ್ನು ಒಂದೊಂದೇ ತಿದ್ದುವ ಮೊದಲು ಕತ್ತು ನೇರ ಮಾಡಿ ಅಥವಾ ಬದಲಿಸಿ. ಪ್ಲೇಟುಗಳ ನಡುವೆ ಒಂದೂವರೆ ಎಂಎಂ ಸಂದು ಬಿಟ್ಟರೆ ಕೈಬೆಸುಗೆಯವರು ನೋಡಿ ತುಂಬಿಸುತ್ತಾರೆ, ಸೀಮ್ ಹುಡುಕುವ ಸೆನ್ಸರ್ ಇಲ್ಲದ ಹಳೆ ರೋಬೋಕ್ಕೆ ಅದು ಕಾಣುವುದಿಲ್ಲ. ಸಂದು ಬೀಳದ ಹಾಗೆ ಪ್ಲೇಟು ಕತ್ತರಿಸುವ ಶಿಯರಿಂಗ್ ಬ್ಲೇಡು ಮಸೆಸಿ.

ಎನ್‌ಕೋಡರ್ (ಕೀಲುಗಳ ಸ್ಥಾನ ಅಳೆಯುವ ಭಾಗ) ಬ್ಯಾಟರಿ ಎಚ್ಚರಿಕೆ ಬಂದ ವಾರದಲ್ಲೇ, ಕಂಟ್ರೋಲರ್ ಆನ್ ಇಟ್ಟುಕೊಂಡೇ ಬದಲಿಸಿ. ಅದಕ್ಕೂ ಮೊದಲು ಪ್ರೋಗ್ರಾಮ್ ಬ್ಯಾಕಪ್ ತೆಗೆದಿಡಿ.

ಇಂಥದ್ದನ್ನೇ ಕೊಳ್ಳುವವರಿದ್ದರೆ, ಮುಂಗಡ ಕೊಡುವ ಮುನ್ನ ಟಾರ್ಚಿಗೆ ಪೆನ್ನು ಕಟ್ಟಿಸಿ 50 ಎಂಎಂ ವ್ಯಾಸದ ವೃತ್ತ ನಿಧಾನಕ್ಕೆ ಬರೆಸಿ. ಆಕ್ಸಿಸ್ ದಿಕ್ಕು ಬದಲಿಸುವ ಜಾಗದಲ್ಲಿ ಗೆರೆ ಮೆಟ್ಟಿಲಾದರೆ ಗೇರ್ ಸವೆದಿದೆ. ಅದನ್ನು ಟಿಪ್ಪು, ಲೈನರ್ ಬದಲಿಸಿ ಸರಿ ಮಾಡಲು ಆಗುವುದಿಲ್ಲ.