ಕೂಸಿನ ಮೂಗಿಗೆ ‘ಡ್ರಾಪ್ಸ್’ ಅಂತ ಕೇಳಿ ತರೋರು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ, ಮಗಳು ಈಗ ಆರಾಮಾಗಿದ್ದಾಳೆ. ಇಲ್ಲದಿದ್ದರೆ ಇದನ್ನು ಬರೆಯಲು ಕೈಯೇ ಏಳುತ್ತಿರಲಿಲ್ಲ.

ಬಾಣಂತನಕ್ಕೆ ತವರಿಗೆ ಬಂದಿದ್ದೆ, ದಾವಣಗೆರೆ ನಿಟ್ಟುವಳ್ಳಿಗೆ. ಕೂಸಿಗೆ ಎರಡೂವರೆ ತಿಂಗಳು. ಸಂಕ್ರಾಂತಿ ಹತ್ತಿರ ಬಂದಿತ್ತು, ಬೆಳಗಿನ ಜಾವದ ಚಳಿ ಜೋರಿತ್ತು. ಮೊದಲು ತಮ್ಮನಿಗೆ ನೆಗಡಿ ಆಯಿತು, ಆಮೇಲೆ ಅವ್ವನಿಗೆ, ಕೊನೆಗೆ ಕೂಸಿಗೆ. ಜ್ವರ ಇರಲಿಲ್ಲ. ಮೂಗು ಮಾತ್ರ ಗೊರಗೊರ. ಮೊಲೆ ಹಿಡಿಯೋದು, ನಾಲ್ಕು ಗುಟುಕು ಎಳೆಯೋದು, ಉಸಿರು ಸಾಲದೆ ಬಿಟ್ಟು ಕಿರುಚೋದು. ಹುಟ್ಟಿದ ಮೊದಲ ಕೆಲವು ತಿಂಗಳು ಕೂಸುಗಳು ಹೆಚ್ಚುಕಡಿಮೆ ಮೂಗಿನಲ್ಲೇ ಉಸಿರಾಡುತ್ತವಂತೆ, ಬಾಯಿಂದ ಉಸಿರು ಎಳೆಯುವ ರೂಢಿ ಇನ್ನೂ ಆಗಿರುವುದಿಲ್ಲ. ಅದಕ್ಕೇ ನಮಗೆ ಸಣ್ಣದು ಅನ್ನಿಸುವ ನೆಗಡಿ ಅವಕ್ಕೆ ಅಷ್ಟು ಕಾಡೋದು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಎರಡು ರಾತ್ರಿ ನಿದ್ದೆ ಇಲ್ಲ. ಕೂಸಿಗೆ ನೀರು ಹಾಕಲು ಬರುವ ಅಜ್ಜಿ, ‘ಎರಡು ಹನಿ ಕೊಬ್ರಿ ಎಣ್ಣಿ ಮೂಗಿಗೆ ಬಿಡವ್ವ, ತಾನೇ ಬಿಡತೈತಿ’ ಅಂದರು. ಎದುರು ಮನೆಯವರು ಕರ್ಪೂರ ಹಾಕಿ ಕಾಯಿಸಿದ ಎಣ್ಣೆ ಹಚ್ಚಲು ಹೇಳಿದರು. ನಾನು ಓದಿದವಳಲ್ಲವೇ! ಇವೆರಡೂ ಬೇಡ, ಮೆಡಿಕಲ್ ಶಾಪಿನದೇ ಸೇಫ್ ಅಂತ ಅಪ್ಪನಿಗೆ ಫೋನ್ ಮಾಡಿದೆ. ‘ಅಪ್ಪಾ, ಬರುವಾಗ ಮೂಗಿಗೆ ಹಾಕೋ ಡ್ರಾಪ್ಸ್ ತಗೊಂಡು ಬಾ.’

ಅಷ್ಟೇ ಹೇಳಿದ್ದು. ಯಾರಿಗೆ ಅಂತ ನಾನು ಹೇಳಲಿಲ್ಲ, ಅಪ್ಪ ಅಂಗಡಿಯಲ್ಲಿ ಹೇಳಲಿಲ್ಲ, ಕೌಂಟರಿನ ಹುಡುಗ ಕೇಳಲೂ ಇಲ್ಲ. ಪುಟ್ಟ ಬಾಟಲಿ, ಮೇಲೆ ‘ನೇಸಲ್ ಡ್ರಾಪ್ಸ್’ ಅಂತ ದೊಡ್ಡಕ್ಷರ. ನನ್ನ ಗೆಳತಿ ಅವಳ ಮಗನಿಗೆ ಹಾಕುತ್ತಿದ್ದದ್ದೂ ಇಂಥದೇ ಬಾಟಲಿ. ಅದೇ ಇದು ಅಂದುಕೊಂಡೆ.

ಸಂಜೆ ಆರಕ್ಕೆ ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಹಾಕಿದೆ. ಐದೇ ನಿಮಿಷಕ್ಕೆ ಮೂಗು ಬಿಚ್ಚಿತು. ಎರಡು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಹಾಲು ಕುಡಿದಳು. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಒಂಬತ್ತಕ್ಕೆ ಮತ್ತೆ ಕಟ್ಟಿದ ಹಾಗಾಯಿತು, ಮತ್ತೆ ಹಾಕಿದೆ. ಹನ್ನೆರಡಕ್ಕೆ ಮೂರನೇ ಸಲ. ಆಮೇಲೆ ಕೂಸು ಮಲಗಿತು ನೋಡಿ, ಎಂಥ ನಿದ್ದೆ ಅಂತೀರಿ! ಪಕ್ಕದಲ್ಲಿ ನಾನೂ ಸತ್ತ ಹಾಗೆ ಮಲಗಿದೆ. ಆ ನಿದ್ದೆ ನೆನಪಾದರೆ ಈಗ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಮೂರು ಗಂಟೆಗೆ ಎಬ್ಬಿಸಿದ್ದು ಅವ್ವ. ‘ಏ, ಕೂಸು ಯಾಕೋ ಸಪ್ಪಗೈತಲ್ಲೇ. ಕೈಕಾಲು ತಣ್ಣಗದಾವು.’ ಎತ್ತಿಕೊಂಡೆ, ಕುತ್ತಿಗೆ ಜೋತುಬಿತ್ತು. ಅಂಗಾಲಿಗೆ ಚಿವುಟಿದರೆ ಒಂಚೂರು ಮುಖ ಕಿವುಚಿ ಮತ್ತೆ ಕಣ್ಣು ಮುಚ್ಚಿದಳು. ಮೊಲೆ ಬಾಯಿಗಿಟ್ಟರೂ ಎಳೆಯಲಿಲ್ಲ. ಉಸಿರಾಟ ನಿಧಾನ, ನಡುವೆ ನಿಂತೇಹೋಯಿತೇನೋ ಅನ್ನುವಷ್ಟು. ತಮ್ಮ ಓಡಿಹೋಗಿ ಆಟೊ ತಂದ. ಹೆದ್ದಾರಿ ಪಕ್ಕದ ರಸ್ತೆಯಲ್ಲಿ ಲಾರಿಗಳ ನಡುವೆ ಹೋಗುವಾಗ ಅವ್ವ ದುಗ್ಗಮ್ಮನಿಗೆ ಹರಕೆ ಹೊರುತ್ತಿದ್ದದ್ದು ಮಾತ್ರ ನೆನಪಿದೆ.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದು, ‘ಏನು ಹಾಕಿದ್ರಿ?’ ನಾನು, ‘ಏನಿಲ್ಲ ಮೇಡಂ, ಬರೀ ಮೂಗಿನ ಡ್ರಾಪ್ಸ್.’ ‘ಬಾಟಲಿ ತಂದಿದ್ದೀರಾ?’ ತಂದಿರಲಿಲ್ಲ. ಅಪ್ಪ ವಾಪಸ್ ಓಡಿದರು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಆಸ್ಪತ್ರೆಗೆ ಓಡುವಾಗ ಕೂಸಿಗೆ ಕೊಟ್ಟಿದ್ದು, ಹಚ್ಚಿದ್ದು, ಬಿಟ್ಟಿದ್ದು ಎಲ್ಲ ಚೀಲಕ್ಕೆ ಹಾಕಿಕೊಳ್ಳಿ. ನಮ್ಮ ಅರ್ಧ ಗಂಟೆ ಅದಕ್ಕೇ ಹೋಯಿತು.

ಬಾಟಲಿ ನೋಡಿದ್ದೇ ಡಾಕ್ಟರಮ್ಮನ ಮುಖ ಬದಲಾಯಿತು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಜೈಲೋಮೆಟಜೋಲಿನ್ 0.1%’ ಅಂತಿತ್ತು. ದೊಡ್ಡವರದು. ಮಕ್ಕಳಿಗೆ ಅಂತ ಬರುವುದು ಇದರ ಅರ್ಧ, 0.05%, ಅದನ್ನೂ ಇಷ್ಟು ಚಿಕ್ಕ ಕೂಸಿಗೆ ಡಾಕ್ಟರು ಹೇಳದೆ ಹಾಕುವ ಹಾಗಿಲ್ಲ. ಈ ಔಷಧಿ ಮೂಗಿನೊಳಗಿನ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಊತ ಇಳಿದು ಮೂಗು ಬಿಚ್ಚೋದು ಅದಕ್ಕೇ. ಆದರೆ ಕೂಸಿನ ಮೂಗಿಗೆ ಬಿಟ್ಟದ್ದು ಮೂಗಿನಲ್ಲೇ ನಿಲ್ಲುವುದಿಲ್ಲ. ಗಂಟಲಿಗಿಳಿದು, ರಕ್ತಕ್ಕೆ ಸೇರಿ, ಮೆದುಳಿಗೆ ಹೋಗಿ ಮಂಪರು ತರಿಸುತ್ತದೆ, ಎದೆಬಡಿತ ಮತ್ತು ಉಸಿರು ನಿಧಾನ ಮಾಡುತ್ತದೆ, ಮೈ ತಣ್ಣಗೆ ಮಾಡುತ್ತದೆ. ನನ್ನ ಮಗಳ ಬಡಿತ 70ರ ಆಸುಪಾಸಿಗೆ ಇಳಿದಿತ್ತು. ನಿದ್ದೆಯಲ್ಲೂ 90ರ ಕೆಳಗೆ ಬರಬಾರದು ಅಂದರು.

ಇದಕ್ಕೆ ಅಂತಲೇ ಬೇರೆ ಮದ್ದೇನೂ ಕೊಡಲಿಲ್ಲ. ಆಕ್ಸಿಜನ್ ಇಟ್ಟು, ಬೆಚ್ಚಗೆ ಸುತ್ತಿ, ಎದೆಗೆ ವೈರು ಅಂಟಿಸಿ ಕಾದರು. ಬೆಳಗಿನ ಹೊತ್ತಿಗೆ ಮಾನಿಟರಿನ ಸಂಖ್ಯೆ ಏರತೊಡಗಿತು. ಮಧ್ಯಾಹ್ನ ಸೂಜಿ ಚುಚ್ಚಿದ್ದಕ್ಕೆ ವಾರ್ಡೆಲ್ಲ ಕೇಳುವ ಹಾಗೆ ಅತ್ತಳು. ಆ ಅಳು ಕೇಳಿ ಅಪ್ಪ ಹೊರಗೆ ಕಾರಿಡಾರಿಗೆ ಹೋಗಿ ನಿಂತರು.

ಈಗ ಅಂಗಡಿಯಲ್ಲಿ ಏನು ಕೇಳಬೇಕು ಅನ್ನೋದು. ಕೂಸಿನ ಮೂಗಿಗೆ ಬೇಕಾದ್ದು ಬರೀ ಉಪ್ಪುನೀರು. ‘ಸಲೈನ್ ನೇಸಲ್ ಡ್ರಾಪ್ಸ್’ ಅನ್ನಿ, ಕೂಸಿಗೆ ಎಷ್ಟು ತಿಂಗಳು ಅಂತಲೂ ಹೇಳಿ. ಬಾಟಲಿ ಮೇಲೆ ‘ಸೋಡಿಯಂ ಕ್ಲೋರೈಡ್’ ಅಂತಿರಬೇಕು, ಸಾಮಾನ್ಯವಾಗಿ 0.65%, ಜೊತೆಗೆ ಬೇರೆ ಔಷಧಿ ಇರಬಾರದು. ಹೆಸರಿನ ಕೊನೆಗೆ ‘ಜೋಲಿನ್’ ಅಂತ ಬಂದರೆ, ಜೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್, ನಾಫಜೋಲಿನ್ ಯಾವುದೇ ಆಗಲಿ, ಅಲ್ಲೇ ವಾಪಸ್ ಕೊಡಿ. ಕಣ್ಣಿನ ಕೆಂಪು ಹೋಗಿಸುವ ಕೆಲವು ಡ್ರಾಪ್ಸಿನಲ್ಲೂ ಇದೇ ಜಾತಿಯ ಔಷಧಿ ಇರುತ್ತದೆ, ಅಂಬೆಗಾಲಿಡುವ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಾಕುವ ಕ್ರಮ ನರ್ಸ್ ಅಕ್ಕ ತೋರಿಸಿದ್ದು ಹೀಗೆ. ಹಾಲು ಕುಡಿಸುವ ಸ್ವಲ್ಪ ಮುಂಚೆ ಅಂಗಾತ ಮಲಗಿಸಿ ಹೊಳ್ಳೆಗೆ ಒಂದೆರಡು ಹನಿ. ಒಂದು ನಿಮಿಷ ಬಿಟ್ಟರೆ ಸಿಂಬಳ ಮೆತ್ತಗಾಗುತ್ತದೆ. ಆಮೇಲೆ ಸಿಂಬಳ ಎಳೆಯುವ ರಬ್ಬರ್ ಬಲ್ಬನ್ನು ಹೊರಗೇ ಅದುಮಿ ಗಾಳಿ ತೆಗೆದು, ತುದಿಯನ್ನಷ್ಟೇ ಹೊಳ್ಳೆಗಿಟ್ಟು, ಮೆಲ್ಲಗೆ ಬಿಡಬೇಕು. ನಾನು ಮೊದಲು ಮೂಗಿನೊಳಗೆ ಇಟ್ಟು ಅದುಮಿದ್ದೆ, ಸಿಂಬಳವೆಲ್ಲ ಇನ್ನಷ್ಟು ಒಳಗೆ! ದಿನಕ್ಕೆ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ಎಳೆದರೆ ಮೂಗಿನ ಒಳಗೆ ಗಾಯವಾಗಿ ಊತ ಜಾಸ್ತಿಯಾಗುತ್ತದೆ.

ಎಣ್ಣೆ ಬೇಡ ಅಂದದ್ದು ಮಾತ್ರ ನಾನು ಸರಿ ಮಾಡಿದ್ದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಕರ್ಪೂರ ಕೂಸಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಎದೆಗೆ ಹಚ್ಚುವ ಘಾಟಿನ ಮುಲಾಮು ಎರಡು ವರ್ಷದೊಳಗೆ ಬೇಡ. ಸಾಂಬ್ರಾಣಿ ಹೊಗೆಯನ್ನು ಡಾಕ್ಟರಮ್ಮ ಬೈದೇ ಬಿಡಿಸಿದರು. ಮಂಡಕ್ಕಿ ಭಟ್ಟಿಗಳ ಊರಲ್ಲಿದ್ದುಕೊಂಡು ಮನೆಯೊಳಗೂ ಹೊಗೆ ಹಾಕ್ತೀರಲ್ಲ ಅಂತ! ಬಿಸಿನೀರಿನ ಆವಿಯೂ ಬೇಡ, ಪಾತ್ರೆ ಮಗುಚಿ ಮೈ ಸುಟ್ಟುಕೊಂಡು ಬರುವ ಮಕ್ಕಳೇ ಹೆಚ್ಚಂತೆ. ನೆಗಡಿ ಸಿರಪ್ಪೂ ಅಷ್ಟೇ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಸೇರಿದ್ದನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ.

ಯಾವಾಗ ಕಾಯಬಾರದು? ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, ವರ್ಷದೊಳಗಿನದು 50 ಅಥವಾ ಹೆಚ್ಚು ಸಲ ಉಸಿರಾಡಿದರೆ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ. ಮೂರು ತಿಂಗಳೊಳಗೆ 100.4 ಡಿಗ್ರಿ ಜ್ವರ ಬಂದರೆ. ಇನ್ನೊಂದು, ಎಬ್ಬಿಸಿದರೂ ಏಳದಷ್ಟು ಮಂಪರಾದರೆ. ಅದನ್ನು ‘ಪಾಪ, ಈಗ ನಿದ್ದೆ ಹತ್ತಿತು’ ಅಂದುಕೊಂಡು ಮೂರು ತಾಸು ಕಳೆದವಳು ನಾನು.

ಅಪ್ಪ ಆ ಅಂಗಡಿಗೆ ಹೋಗಿ ಜಗಳ ತೆಗೆದರು. ‘ನೀವು ಕೂಸಿಗೆ ಅಂತ ಹೇಳಬೇಕಿತ್ತಲ್ರೀ ಯಜಮಾನ್ರೇ’ ಅಂದರಂತೆ. ಹೇಳಬೇಕಿತ್ತು ನಿಜ. ಕೇಳಬೇಕಿತ್ತು ಅನ್ನೋದೂ ನಿಜವೇ.

ಡಿಸ್ಚಾರ್ಜ್ ದಿನ, ‘ಮೂಗು ಇನ್ನೂ ಗೊರಗೊರ ಅಂತೈತಲ್ಲ ಮೇಡಂ’ ಅಂತ ಅವ್ವ ಕೇಳಿದಳು. ‘ಅನ್ಲಿ ಬಿಡ್ರಿ ಅಜ್ಜಿ. ಹಾಲು ಕುಡೀತಾಳೆ, ಉಚ್ಚೆ ಹೊಯ್ತಾಳೆ, ನಗ್ತಾಳೆ. ಇನ್ನೇನು ಬೇಕು?’ ಅಂದರು ಡಾಕ್ಟರಮ್ಮ. ಈಗಲೂ ಬೆಳಗಿನ ಹೊತ್ತು ಗೊರಗೊರ ಅಂತಾಳೆ. ಬಿಟ್ಟಿದ್ದೇವೆ.